ನಿದ್ದೆ ಕಾಯ್ದವಳು

ಶಾಂಭವಿಯ ಅಂಡನಾಳದೊಳಗೆ ಕೂರಿಸಿದ್ದ ಪುಟ್ಟ ಉಂಗುರದಲ್ಲಿ ಔಷಧ ಮುಗಿದು ಎರಡು ತಿಂಗಳಾಗಿತ್ತು. ಅಲ್ಲಿ ಮಲಗಿದ್ದ ಅವಳ ಗಂಡನ ವೀರ್ಯಾಣುಗಳು ಇಷ್ಟರಲ್ಲಿ ಸತ್ತು ಕರಗಿ ಹೋಗಿರಬೇಕಿತ್ತು. ಡಾಕ್ಟರ್ ವಾರಿಜಾ ಕಟ್ಟಿ ನಾಳದ ಖಾಲಿ ಗೋಡೆಯನ್ನು ನೋಡಲು ಮನಸ್ಸು ಗಟ್ಟಿ ಮಾಡಿಕೊಂಡೇ ಒಳಗಿನದನ್ನು ತೋರಿಸುವ ತೆರೆಯನ್ನು ಹಚ್ಚಿದ್ದರು. ಹಚ್ಚಿದವರು ಆರಿಸಿ, ಮತ್ತೆ ಹಚ್ಚಿದರು.

"ಏನಾತ್ರಿ ಮೇಡಂ?" ಮಂಚದ ಮೇಲೆ ಮಲಗಿದ್ದ ಶಾಂಭವಿ ಕತ್ತೆತ್ತಿ ಕೇಳಿದಳು. "ಎಲ್ಲಾ ಹೋದ್ವೇನ್ರಿ?"

"ಇಲ್ಲವಾ. ಎಲ್ಲಾ ಅವ. ಅದ ನನಗ ತಿಳೀವಲ್ದು."

ಡಾಕ್ಟರು ತೆರೆಯನ್ನು ಅವಳ ಕಡೆ ತಿರುಗಿಸಿದರು. ಮಡಿಕೆ ಮಡಿಕೆಯಾದ ಗುಲಾಬಿ ಬಣ್ಣದ ಗೋಡೆ. ಗೋಡೆಯ ತುಂಬ, ಗಾಳಿಗೆ ಒಂದೇ ಕಡೆ ಬಾಗುವ ಜೋಳದ ಹೊಲದ ಹಾಗೆ ಓಲಾಡುವ ನವಿರು ಕೂದಲು. ಅವುಗಳ ನಡುವೆ ತಲೆ ಹುದುಗಿಸಿ, ಬಾಲ ಚಾಚಿ, ಮಿಸುಕದೆ ಅಂಟಿಕೊಂಡಿದ್ದವು ಅವು. ಪ್ರತಿ ತಿಂಗಳೂ ಗದಗಿನಿಂದ ಧಾರವಾಡದ ಈ ಸಂಸ್ಥೆಗೆ ಬಂದು ಶಾಂಭವಿ ನೋಡಿ ಹೋಗುತ್ತಿದ್ದದ್ದು ಇದನ್ನೇ. ಅವಳ ಗಂಡ ಫಕೀರೇಶ ಸಮುದ್ರದೊಳಗೆ ಕಾಣೆಯಾಗಿ ವರ್ಷವಾಗಿತ್ತು. ಭೂಮಿಯ ಮೇಲೆ ಅವನದೆಂದು ಜೀವವಿರುವುದು ಇದೊಂದೇ ಜಾಗದಲ್ಲಿ ಎಂದು ಅವಳಿಗೆ ಗೊತ್ತಿತ್ತು. ಇವತ್ತು ಅದೂ ಇರುವುದಿಲ್ಲ ಎಂದುಕೊಂಡೇ ಬಂದಿದ್ದಳು. ನಂಬಲಾಗದೆ, ಕೈ ಚಾಚಿ ಗಾಜನ್ನು ಮುಟ್ಟಿದಳು.

ಮದುವೆಯಾದಾಗ ಫಕೀರೇಶ ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ಹತ್ತಿ ಇಳಿಯುವ ಮೆಕ್ಯಾನಿಕ್ ಆಗಿದ್ದ. ಅಷ್ಟೆತ್ತರದಲ್ಲಿ ಕುಳಿತು ಬುತ್ತಿ ಬಿಚ್ಚಿ ಉಣ್ಣುತ್ತಿದ್ದ ಮನುಷ್ಯ ಸಮುದ್ರವನ್ನು ಕಣ್ಣಿಂದ ನೋಡಿದವನಲ್ಲ. ಆದರೆ ಹಿಂದೂ ಮಹಾಸಾಗರದೊಳಗಿನ ಗುಡ್ಡವೊಂದರ ನೆತ್ತಿಯ ಮೇಲೆ, ತಳದಲ್ಲಿ ಬಟಾಟೆಯಂತೆ ಬಿದ್ದಿರುವ ಲೋಹದ ಗಂಟುಗಳನ್ನು ಆರಿಸಿ ತೆಗೆಯುವ ಠಾಣೆ ಎದ್ದಾಗ, ಇಕ್ಕಟ್ಟಿನಲ್ಲಿ ಕುಳಿತು ಯಂತ್ರ ಬಿಚ್ಚಿ ಜೋಡಿಸಬಲ್ಲ ಕೈಗಳಿಗಾಗಿ ಕಂಪನಿ ಹುಡುಕುತ್ತಿತ್ತು. ಫಕೀರೇಶ ಆಯ್ಕೆಯಾದ. ಹದಿನಾರು ತಿಂಗಳ ಪಾಳಿ. ಒಮ್ಮೆ ಇಳಿದರೆ ಪಾಳಿ ಮುಗಿಯುವತನಕ ಮೇಲೆ ಬರುವ ಮಾತಿಲ್ಲ. ಆ ಆಳದ ಒತ್ತಡಕ್ಕೆ ಒಗ್ಗಿದ ಮೈಯನ್ನು ಪದೇಪದೇ ಹೊರಗೆಳೆದರೆ ರಕ್ತ ನೊರೆಗಟ್ಟುತ್ತದೆ.

ಇನ್ನೊಂದು ತೊಂದರೆಯೂ ಇತ್ತು. ಆ ಒತ್ತಡದಲ್ಲಿ, ಗಾಳಿಯ ಬದಲಿಗೆ ಅಲ್ಲಿ ಕೊಡುವ ಅನಿಲವನ್ನು ಉಸಿರಾಡುತ್ತ ವರ್ಷ ಕಳೆದ ಗಂಡಸರಲ್ಲಿ ವೀರ್ಯ ಹುಟ್ಟುವುದೇ ನಿಂತುಹೋಗುತ್ತಿತ್ತು. ಮಕ್ಕಳು ಬೇಕೆನ್ನುವವರು ಇಳಿಯುವ ಮೊದಲೇ ಅದನ್ನು ಹಿಮಗಟ್ಟಿಸಿ ಇಟ್ಟು ಹೋಗಬೇಕು. ಹೆಚ್ಚಿನವರಿಗೆ ಅಷ್ಟೇ ಸಾಕಾಗುತ್ತಿತ್ತು. ಫಕೀರೇಶನದನ್ನು ಹಿಮಗಟ್ಟಿಸಿ ಕರಗಿಸಿ ನೋಡಿದಾಗ ಒಂದೂ ಬಾಲ ಆಡಿಸಲಿಲ್ಲ. ಅಂಥವರಿಗಾಗಿಯೇ ವಾರಿಜಾ ಕಟ್ಟಿಯವರ ಉಂಗುರವಿತ್ತು. ಅಕ್ಕಿಕಾಳಿಗಿಂತ ಸಣ್ಣದು. ಅದರ ತುದಿಗೊಂದು ಕಣ್ಣು, ಹೊಟ್ಟೆಯಲ್ಲಿ ಔಷಧ.

ಮೊದಲ ದಿನ ಗಂಡಹೆಂಡಿರನ್ನು ಎದುರಿಗೆ ಕೂರಿಸಿಕೊಂಡು ಡಾಕ್ಟರು ತಿಳಿಸಿ ಹೇಳಿದ್ದರು.

"ಹೆಣ್ಣಿನ ಅಂಡನಾಳ ಅಂದ್ರ ಬರೇ ಕೊಳವಿ ಅಲ್ಲ ನೋಡ್ರಿ. ಅದರ ಗ್ವಾಡಿ ಒಂದು ನಮೂನಿ ಮಾತಾಡ್ತದ. ವೃದ್ಧಿಕಾರಕ ಅಂತ ಸಣ್ಣ ಸಣ್ಣ ಪ್ರೋಟೀನು ಒಸರತದ. ವೀರ್ಯಾಣುವಿನ ತಲಿಗೆ ಅದು ತಾಗಿತಂದ್ರ ಹುಕುಮ್ ಸಿಕ್ಕಂಗ. ಒಂದು 'ಮಲಕ್ಕೋ' ಅಂತದ, ಇನ್ನೊಂದು 'ಏಳು, ನಡಿ' ಅಂತದ. ಮನುಷ್ಯಾರಾಗ ಮಲಗಸೋದು ಭಾಳ ಕಡಿಮಿ. ನಾಕೈದು ದಿನಕ್ಕ ಎಲ್ಲಾ ಮುಗದು ಹೋಗ್ತದ. ಬಾವಲಿ ಹಂಗಲ್ಲ. ಚಳಿಗಾಲದ ಮುಂದ ಕೂಡ್ತದ, ಬ್ಯಾಸಿಗಿ ಮುಂದ ಬಸರಾಗ್ತದ. ಅಲ್ಲೀತನಕ ಗಂಡಿಂದು ತನ್ನ ಹೊಟ್ಟ್ಯಾಗ ಜ್ವಾಕಿ ಮಾಡಿ ಮಲಗಿಸಿ ಇಟ್ಟಕೋತದ. ಬಾವಲಿಯ ಆ ಅಂಶಾನ ಈ ಉಂಗುರದಾಗ ಅದ."

ಫಕೀರೇಶ ನಕ್ಕಿದ್ದ. "ಅಂದ್ರ ನಾ ಆ ಕಡೆ ಸಮುದ್ರದಾಗ ಕೆಲಸಾನೂ ಮಾಡ್ತೀನಿ, ಈ ಕಡೆ ಈಕೀ ಹೊಟ್ಟ್ಯಾಗ ಮಲಗಿರ್ತೀನಿ. ಎರಡೂ ಕಡೆ ಹಾಜರಿ ಆತಲ್ರಿ!"

"ಎಬ್ಬಸೋದು ಒಂದ ಸಲ," ಡಾಕ್ಟರು ಎಚ್ಚರಿಸಿದ್ದರು. "ಎದ್ದವು ಮತ್ತ ಮಲಗೂದಿಲ್ಲ. ಯಾವಾಗ ಎಬ್ಬಸಬೇಕು ಅನ್ನೋದನ್ನ ಇಬ್ಬರೂ ಕೂಡಿ ಹೇಳ್ರಿ."

"ಅದು ಆಕೀ ಕೈಯಾಗಿರ್ಲಿ," ಅಂದಿದ್ದ ಅವನು. "ನಾ ಕೆಳಗಿರಾಂವ. ಮ್ಯಾಲಿನ ಸುದ್ದಿ ನನಗೇನ್ ತಿಳೀತೈತಿ?"

ಆದರೆ ಹೊರಗೆ ಬಂದು ಚಹಾ ಕುಡಿಯುವಾಗ ಶಾಂಭವಿಯೇ ಹೇಳಿದ್ದಳು, "ನೀವು ಬಂದ ಮ್ಯಾಲೆ ಎಬ್ಬಸೂಣು. ಬಸರಿ ಆದಾಗ ನೀವು ಮನ್ಯಾಗಿರಬೇಕು." ಅವನು ಹೂಂ ಎಂದಿದ್ದ.

ಠಾಣೆಯಿಂದ ವಾರಕ್ಕೊಮ್ಮೆ ಮಾತಾಡಲು ಬಿಡುತ್ತಿದ್ದರು. ಅಲ್ಲಿನ ಅನಿಲಕ್ಕೆ ಗಂಟಲು ಬದಲಾಗಿ ಅವನ ದನಿ ಮೂಗಿನಲ್ಲಿ ಕಿರುಚುವ ಬಾತುಕೋಳಿಯಂತೆ ಕೇಳುತ್ತಿತ್ತು. ಅದನ್ನು ಸರಿಪಡಿಸುವ ಯಂತ್ರವಿತ್ತು, ಆದರೆ ಅದು ಕೊಡುತ್ತಿದ್ದ ದನಿ ಇನ್ಯಾರದೋ. ಫಕೀರೇಶನ ತಾಯಿ ನೀಲವ್ವ ಎರಡು ಸಲ ಕೇಳಿ, "ಇಂವ ನನ್ನ ಮಗ ಅಲ್ಲ," ಎಂದು ಫೋನನ್ನು ಸೊಸೆಯ ಕೈಗೆ ಕೊಟ್ಟುಬಿಟ್ಟಿದ್ದಳು. ಶಾಂಭವಿ ಯಂತ್ರ ಬಂದ್ ಮಾಡಿಸಿ ಬಾತುಕೋಳಿಯ ದನಿಯನ್ನೇ ಕೇಳುತ್ತಿದ್ದಳು. ಅದಾದರೂ ಅವನ ಬಾಯಿಂದ ಬಂದದ್ದು. ಇಬ್ಬರೂ ನಗುತ್ತಿದ್ದರು. ಹೀಗೆ ನಗುತ್ತ ತಿಂಗಳುಗಳು ಕಳೆದಮೇಲೆ ಒಂದು ದಿನ ತಾನು ಕೆಲಸ ಮಾಡುವ ಮುದ್ರಣಾಲಯದಲ್ಲಿ ಶಾಲಾಪುಸ್ತಕದ ಪುಟ ಜೋಡಿಸುತ್ತ ಕುಳಿತಿದ್ದಾಗ, ಅವನ ನಿಜವಾದ ದನಿ ಹೇಗಿತ್ತೆಂದು ನೆನಪಿಸಿಕೊಳ್ಳಲು ಹೋಗಿ ಅವಳಿಗೆ ಆಗಲಿಲ್ಲ. ಬರಲಿ, ಬಂದಮೇಲೆ ಒಂದು ದಿನ ಪೂರ್ತಿ ಬರೀ ಮಾತಾಡಿಸುತ್ತೇನೆ ಎಂದುಕೊಂಡಳು.

ಅವನು ಇಳಿದ ಎಂಟನೆಯ ತಿಂಗಳಲ್ಲಿ ಸಮುದ್ರದೊಳಗಿನ ಆ ಗುಡ್ಡದ ಒಂದು ಪಕ್ಕ ಜರಿಯಿತು. ಮಾತಿನ ತಂತಿ ಕಡಿದುಹೋಯಿತು. ಶೋಧಕ್ಕೆ ಇಳಿದ ಯಂತ್ರಗಳಿಗೆ ಅರ್ಧ ಠಾಣೆ ಕೆಸರಿನಡಿ ಹೂತುಹೋಗಿದ್ದು ಕಂಡಿತು. ಅಪಾಯ ಬಂದರೆ ಹತ್ತಿ ಪಾರಾಗಲೆಂದು ಇದ್ದ ಎರಡು ಉಕ್ಕಿನ ಕೋಶಗಳಲ್ಲಿ ಒಂದು ಜಾಗದಲ್ಲಿರಲಿಲ್ಲ. ಫಕೀರೇಶ ಮತ್ತು ಅವನ ಜೊತೆಗಾರರ ದೇಹಗಳೂ ಸಿಗಲಿಲ್ಲ. ಜಾಗದಲ್ಲಿಲ್ಲದ ಆ ಕೋಶದ ಆಸೆ ಹಿಡಿದುಕೊಂಡೇ ಅವರ ಹೆಂಡಂದಿರು ಬದುಕಿದ್ದರು.

ಮಂಚದಿಂದ ಎದ್ದು ಸೀರೆ ಸರಿಪಡಿಸಿಕೊಂಡ ಶಾಂಭವಿಯನ್ನು ಡಾಕ್ಟರು ಕುರ್ಚಿಯಲ್ಲಿ ಕೂರಿಸಿದರು. ಅವರ ಮುಖದಲ್ಲಿ ಸಂತೋಷವೂ ಸಂಕಟವೂ ಒಟ್ಟಿಗೇ ಇದ್ದವು.

"ಉಂಗುರದಾಗ ಏನೂ ಉಳಿದಿಲ್ಲ. ಆದರೂ ಅವು ಮಲಗ್ಯಾವ. ಅಂದ್ರ ಮಲಗಸೋ ಅಂಶ ಎಲ್ಲಿಂದ ಬರಾಕತ್ತೇದ? ನಿನ್ನ ನಾಳದ ಗ್ವಾಡೀನ ಮಾಡ್ಲಿಕ್ಕತ್ತದವಾ. ಇಷ್ಟು ದಿನ ಬಾವಲೀದು ಕೇಳಿ ಕೇಳಿ ಕಲ್ತದೋ, ಇಲ್ಲಾ ಅವುಗಳ ತಲಿ ತಾಗಿ ತಾಗಿ ಕಲ್ತದೋ, ನನಗ ಗೊತ್ತಿಲ್ಲ. ಬ್ಯಾರೆ ಯಾರ ಮೈಯಾಗೂ ಹಿಂಗಾಗಿಲ್ಲ."

"ಹಂಗಾದ್ರ ಅವು ಇರ್ತಾವಲ್ರಿ? ಎಷ್ಟು ದಿನಾ ಬೇಕಾದ್ರೂ?"

"ಇರಬಹುದು." ಡಾಕ್ಟರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. "ಹೊರಗ ಶಮಶಾದ್ ಕುಂತಾಳ. ನಿನಗ ಗೊತ್ತದ ಆಕೀದು."

ಗೊತ್ತಿತ್ತು. ಶಮಶಾದ್ ವಿಜಯಪುರದವಳು. ಅವಳ ಗಂಡ ದಾವಲಸಾಬ ಅದೇ ಠಾಣೆಯಲ್ಲಿ ಬೆಸುಗೆ ಹಾಕುವವನು. ಶಾಂಭವಿಯ ನಂತರ ಉಂಗುರ ಹಾಕಿಸಿಕೊಂಡವಳು. ಅವಳ ಔಷಧ ಮುಗಿಯುತ್ತ ಬಂದಿತ್ತು, ತೆರೆಯ ಮೇಲಿನ ಗೋಡೆ ತಿಂಗಳಿಂದ ತಿಂಗಳಿಗೆ ಬೋಳಾಗುತ್ತಿತ್ತು.

"ಹೊಸಾ ಉಂಗುರ ಹಾಕಾಕ ಬರೂದಿಲ್ಲೇನ್ರಿ?"

"ಒಳಗ ಕೈ ಹಾಕಿದ್ರ ಮುಗೀತು. ಇಬ್ಬರಿಗೆ ಮಾಡಿ ನೋಡಿದೆ, ಎಲ್ಲಾ ಗ್ವಾಡಿ ಬಿಟ್ಟು ಎದ್ದು ಹೋದ್ವು. ಬಾವಲಿ ಅಂಶಾನ ತೋಳಿನಾಗಿಂದ ರಕ್ತಕ್ಕ ಕೊಟ್ರ ಮೈ ಅದನ್ನ ವೈರಿ ಅಂತ ತಿಳದು ಹೊಡದು ಹಾಕ್ತದ. ಆದ್ರ ನಿನ್ನ ನಾಳ ಮಾಡಿದ್ದು ಮನುಷ್ಯಾರದು. ಅದನ್ನ ಬೆಳಸಿ ಸೂಜಿಲೆ ಕೊಟ್ರ ಆಕೀ ಮೈ ಒಪ್ಪತದ. ಅದಕ್ಕ ನಿನ್ನ ಗ್ವಾಡೀದೊಂದು ಚೂರು ಬೇಕು, ಎಳ್ಳಿನಷ್ಟು." ಡಾಕ್ಟರು ಕನ್ನಡಕ ಮತ್ತೆ ಹಾಕಿಕೊಂಡರು. "ಅವು ಮಲಗಿದ್ದ ಜಾಗದಿಂದನ ತಗೀಬೇಕು. ಬ್ಯಾರೆ ಕಡೆ ಆ ಗುಣ ಇಲ್ಲ."

ಶಾಂಭವಿಗೆ ಅರ್ಥವಾಯಿತು. ಚೂರು ತೆಗೆದರೆ ಅವು ಏಳುತ್ತವೆ. ಎದ್ದವು ಮತ್ತೆ ಮಲಗುವುದಿಲ್ಲ.

"ಇಲ್ರಿ," ಅಂದಳು. "ಅವರು ಬಂದ ಮ್ಯಾಲೆ ಅಂತ ಮಾತಾಗೈತಿ."

ಡಾಕ್ಟರು ಒತ್ತಾಯ ಮಾಡಲಿಲ್ಲ. ಬಾಗಿಲ ತನಕ ಬಂದು, "ನಾ ಶಮಶಾದಗ ಇದನ್ನ ಹೇಳಿಲ್ಲ. ಹೇಳೂದೂ ಇಲ್ಲ," ಎಂದರು.

ಧಾರವಾಡದಿಂದ ಇಬ್ಬರೂ ಒಂದೇ ರೈಲು ಹತ್ತಿದರು. ಶಾಂಭವಿಗೆ ಗದಗಿನಲ್ಲಿ ಇಳಿಯುವುದು, ಶಮಶಾದ್‌ಗೆ ವಿಜಯಪುರದ ತನಕ. ಇಂಥ ಪಯಣಗಳಲ್ಲೇ ಅವರ ಗೆಳೆತನ ಬೆಳೆದಿತ್ತು. ಅಣ್ಣಿಗೇರಿ ದಾಟುವ ತನಕ ಶಮಶಾದ್ ಪೇರಲ ಹಣ್ಣು ಹೆಚ್ಚಿ ಉಪ್ಪು ಖಾರ ಹಚ್ಚಿ ಕೊಡುತ್ತ ಏನೇನೋ ಮಾತಾಡಿದಳು. ಆಮೇಲೆ ಚಾಕು ಮಡಚಿ ಕಿಟಕಿಯತ್ತ ತಿರುಗಿದಳು.

"ಅರ್ಧಕ್ಕಿಂತ ಕಡಿಮಿ ಆಗ್ಯಾವಂತ ಅಕ್ಕಾ. ನಾನೂ ನೋಡಿದೆ. ಮೊದಲ ಹ್ಯಾಂಗ ಒತ್ತೊತ್ತಾಗಿ ಇದ್ದೂ. ಈಗ ಅಲ್ಲೊಂದು ಇಲ್ಲೊಂದು."

"ಎಬ್ಬಿಸಿಬಿಡು ಶಮಶಾದ್. ಇದ್ದಾಗನ ಎಬ್ಬಿಸಿದ್ರ ಕೂಸಾದ್ರೂ ಆಗಬಹುದು."

"ನಮ್ಮವರು ಅಲ್ಲಿ ಕುಂತು ನನ್ನ ಹಾದಿ ನೋಡತಿರ್ತಾರ. ನಾ ಇಲ್ಲಿ ಅವರು ಸತ್ತಾರಂತ ಮಾಡಿ ಎಬ್ಬಸ್ಲೇನು?" ಶಮಶಾದ್ ತಲೆಯ ಮೇಲಿನ ಸೆರಗನ್ನು ಎಳೆದುಕೊಂಡಳು. "ನೀನೂ ಎಬ್ಬಿಸಿಲ್ಲಲ್ಲ."

ಶಾಂಭವಿ ಹಣ್ಣಿನ ಹೋಳನ್ನು ಬಾಯಿಗಿಟ್ಟುಕೊಂಡು ಜಗಿದಳು. ಗದಗಿನಲ್ಲಿ ಇಳಿದು ಪ್ಲಾಟ್‌ಫಾರ್ಮಿನ ಮೇಲೆ ನಿಂತು ಕೈಬೀಸಿದಾಗ ಶಮಶಾದ್ ನಗುತ್ತಿದ್ದಳು. ರೈಲು ಮರೆಯಾಗುವ ಮೊದಲೇ ಶಾಂಭವಿ ಮುಖ ತಿರುಗಿಸಿ ನಡೆದಳು.

ಬೆಟಗೇರಿಯ ಮನೆಯಲ್ಲಿ ನೀಲವ್ವ ರೊಟ್ಟಿ ಬಡಿಯುತ್ತಿದ್ದಳು. ಶಾಂಭವಿ ಕಾಲು ತೊಳೆದು ಬಂದು ಒಲೆಯ ಪಕ್ಕ ಕುಳಿತಳು. ಎಲ್ಲವನ್ನೂ ಹೇಳಿದಳು. ನೀಲವ್ವ ಕೈ ನಿಲ್ಲಿಸದೆ ಕೇಳಿಸಿಕೊಂಡಳು. ಹಂಚಿನ ಮೇಲೆ ರೊಟ್ಟಿ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿ, ಆಮೇಲೆ ಬಾಯಿಬಿಟ್ಟಳು.

"ಯವ್ವಾ, ಹೊಟ್ಟ್ಯಾಗಿಟ್ಕೊಂಡು ಕಾಯೋದು ನನಗೂ ಗೊತ್ತೈತಿ. ಫಕೀರೇಶನ್ನ ಕಾಯ್ದೇನಿ, ಅವನ ಅಕ್ಕನ್ನ ಕಾಯ್ದೇನಿ. ಆದ್ರ ಅವರು ತಿಂಗಳು ತುಂಬಿದ ಮ್ಯಾಲೆ ತಾವ ಹೊರಗ ಬಂದ್ರು. ನಿಂದು ಹಂಗಲ್ಲಲ್ಲ. ನೀ ಕಾಯ್ದಷ್ಟೂ ಅವು ಮಲಗತಾವ."

"ಹಂಗಾದ್ರ ಎಬ್ಬಸು ಅಂತೀರೇನ್ರಿ ಅತ್ತಿ?"

"ನಾ ಹ್ಯಾಂಗ ಅನ್ಲಿ? ಎಬ್ಬಸು ಅಂದ್ರ ನನ್ನ ಮಗ ಹ್ವಾದ ಅಂತ ನಾನ ಹೇಳಿದಂಗ. ಬ್ಯಾಡ ಅಂದ್ರ..." ನೀಲವ್ವ ರೊಟ್ಟಿ ತಿರುವಿ ಹಾಕಿದಳು. ಅದು ಉಬ್ಬಲಿಲ್ಲ. "ಬ್ಯಾಡ ಅಂದ್ರ ಮೊಮ್ಮಗನ್ನ ನಾನ ಬ್ಯಾಡ ಅಂದಂಗ. ನನಗ ಕೇಳಬ್ಯಾಡ."

ಹೊಟ್ಟೆಯ ಎಡಗಡೆ, ಉಂಗುರವಿದ್ದ ಕಡೆ, ಕೈಯಿಟ್ಟು ಮಲಗುವುದು ಶಾಂಭವಿಗೆ ರೂಢಿಯಾಗಿತ್ತು. ಅಲ್ಲಿ ಏನೂ ತಿಳಿಯುವುದಿಲ್ಲ, ಮಿಡಿತವಿಲ್ಲ, ಭಾರವಿಲ್ಲ. ಆದರೂ ಹಗಲು ಪುಟ ಜೋಡಿಸುವಾಗ, ಸಂತೆಯಲ್ಲಿ ಮೆಣಸಿನಕಾಯಿ ಆರಿಸುವಾಗ, ಇದ್ದಕ್ಕಿದ್ದಂತೆ ಕೈ ಅಲ್ಲಿಗೆ ಹೋಗುತ್ತಿತ್ತು. ಔಷಧವಿಲ್ಲದೆಯೂ ಅವನನ್ನು ಹಿಡಿದಿಟ್ಟುಕೊಂಡದ್ದು ತನ್ನ ಮೈ ಎಂದು ತಿಳಿದಮೇಲೆ ಅವಳಿಗೆ ಹೊಸದೊಂದು ಹೆಮ್ಮೆ ಬಂದಿತ್ತು. ಬಟ್ಟೆ ಒಗೆಯುತ್ತ, ಮನಸ್ಸಿನಲ್ಲೇ ಅವನಿಗೆ ಹೇಳುತ್ತಿದ್ದಳು: ನೋಡ್ರಿ, ಯಾರೂ ಹೇಳಿಕೊಡದೆ ಕಲ್ತೀನಿ. ಅವನು ಏನನ್ನುತ್ತಾನೆಂದು ಅವಳಿಗೆ ಗೊತ್ತಿತ್ತು. ಯಾವ ದನಿಯಲ್ಲಿ ಅನ್ನುತ್ತಾನೆ ಎಂಬುದು ಮಾತ್ರ ಬರುತ್ತಿರಲಿಲ್ಲ.

ಕೆಲವು ವಾರಗಳ ಮೇಲೆ ಕಂಪನಿಯ ಕಚೇರಿಯಿಂದ ಒಬ್ಬ ಹೆಣ್ಣುಮಗಳು ಫೋನು ಮಾಡಿದಳು. ಮುದ್ರಣಾಲಯದ ಯಂತ್ರಗಳ ಸದ್ದಿನಲ್ಲಿ ಕೇಳದೆ ಶಾಂಭವಿ ಹೊರಗಿನ ಬೇವಿನ ಮರದ ಕೆಳಗೆ ಬಂದು ನಿಂತಳು.

"ಮೇಡಂ, ಕಾಣೆಯಾಗಿದ್ದ ಕೋಶ ಸಿಕ್ಕಿದೆ. ಗುಡ್ಡದ ಬುಡದಲ್ಲಿ ಕೆಸರಿನೊಳಗೆ ಇತ್ತು. ಕುಸಿತದಲ್ಲಿ ಠಾಣೆಯಿಂದ ಕಳಚಿ ಬಿದ್ದಿದೆ ಅಷ್ಟೇ, ಅದನ್ನು ಯಾರೂ ಹತ್ತಿರಲಿಲ್ಲ. ಬಾಗಿಲು ಹೊರಗಿನಿಂದ ಮುಚ್ಚಿದ ಹಾಗೆಯೇ ಇತ್ತು. ಶೋಧ ನಿಲ್ಲಿಸುತ್ತಿದ್ದೇವೆ. ತುಂಬಾ ಬೇಜಾರಾಗ್ತಿದೆ ಮೇಡಂ."

ಶಾಂಭವಿ, "ಆತು ಬಿಡವಾ," ಎಂದು ಅವಳನ್ನೇ ಸಮಾಧಾನ ಮಾಡಿ ಫೋನು ಇಟ್ಟಳು. ಮರದ ಕೆಳಗೆ ನಿಂತೇ ಇದ್ದಳು. ವರ್ಷವಿಡೀ ಅವಳು ಆ ಕೋಶದೊಳಗೆ ಅವನನ್ನು ಕೂರಿಸಿದ್ದಳು. ಯಾವುದೋ ದಡಕ್ಕೆ ಹತ್ತಿಸಿದ್ದಳು, ಯಾವುದೋ ಹಡಗಿನವರ ಕೈಯಲ್ಲಿ ಅನ್ನ ಕೊಡಿಸಿದ್ದಳು, ಮಾತು ಬಾರದ ದೇಶದಲ್ಲಿ ಊರಿನ ಹೆಸರು ಹೇಳಲು ಒದ್ದಾಡಿಸಿದ್ದಳು. ಈಗ ಕೋಶದಿಂದ ಅವನನ್ನು ಇಳಿಸಬೇಕಾಯಿತು. ಇಳಿಸಿದರೆ ಉಳಿದದ್ದು ಕೆಸರು ಒಂದೇ.

ಶಮಶಾದ್‌ಗೂ ಆ ಫೋನು ಬಂದಿತ್ತು. ಅವಳಾಗಿಯೇ ಶಾಂಭವಿಗೆ ಫೋನು ಮಾಡಿದಳು.

"ಖಾಲಿ ಇತ್ತಂದ್ರ ಒಳ್ಳೇದ ಆತಲ್ಲ ಅಕ್ಕಾ. ಅದರಾಗ ಸತ್ತಿಲ್ಲ ಅಂತ ಗೊತ್ತಾತು. ಬ್ಯಾರೆ ಹಾದಿ ಹಿಡದು ಎದ್ದಿರ್ತಾರ."

"ಹ್ಯಾಂಗ ಏಳ್ತಾರ ಶಮಶಾದ್?"

"ಅದು ನನಗೇನ್ ಗೊತ್ತು. ದಾವಲಸಾಬ್ರಿಗೆ ಗೊತ್ತಿರ್ತದ. ಆದ್ರ ಅವರು ಬರೂತನಕ ನನ್ನ ಕಡೆ ಏನೂ ಉಳಿಯೂದಿಲ್ಲ ಅಂತ ಕಾಣ್ತದ. ಕೆಲವ ಉಳದಾವಂತ. ಬಂದು ಕೇಳಿದ್ರ ಏನ್ ಹೇಳ್ಲಿ? ಇಟ್ಟು ಹೋಗಿದ್ದನ್ನ ಜ್ವಾಕಿ ಮಾಡಾಕ ಬರ್ಲಿಲ್ಲೇನು ಅಂದ್ರ?"

ಶಾಂಭವಿ ಅಲ್ಲಿಯೇ ಎಲ್ಲವನ್ನೂ ಹೇಳಿಬಿಟ್ಟಳು. ತನ್ನ ನಾಳದ ಗೋಡೆ, ಎಳ್ಳಿನಷ್ಟು ಚೂರು, ತೋಳಿಗೆ ಕೊಡುವ ಸೂಜಿ. ಆ ಕಡೆ ಶಮಶಾದ್ ಅಳಲಿಲ್ಲ, ಕೊಡು ಎಂದು ಬೇಡಿಕೊಳ್ಳಲೂ ಇಲ್ಲ.

"ನನ್ನ ಸಲುವಾಗಿ ಎಬ್ಬಸಬ್ಯಾಡ ಅಕ್ಕಾ. ಅಷ್ಟು ದೊಡ್ಡ ಋಣಾ ನಾ ಎಲ್ಲಿ ಹೊರ್ಲಿ?"

"ನಿನ್ನ ಸಲುವಾಗಿ ಅಲ್ಲ," ಅಂದಳು ಶಾಂಭವಿ. ಹೇಳಿದಮೇಲೆ ಅದು ನಿಜವೆಂದು ಅವಳಿಗೇ ತಿಳಿಯಿತು. ತಾನು ಕಾಯುತ್ತಿದ್ದುದು ಅವನು ಬರುವುದನ್ನು. ಅವನು ಬರುವುದಿಲ್ಲ. ಇನ್ನು ಮಲಗಿಸಿಟ್ಟರೆ ಅದು ಅವನ ಸಲುವಾಗಿ ಅಲ್ಲ, ತನ್ನ 'ಇದ್ದಾರೆ' ಎಂಬ ಒಂದು ಮಾತಿನ ಸಲುವಾಗಿ. ಶಮಶಾದ್ ಇನ್ನೂ ನಂಬಿದ್ದಾಳೆ. ನಂಬುವವಳ ಕೈಗೆ ಆ ನಿದ್ದೆ ಹೋಗಲಿ.

ಆ ತಿಂಗಳ ಅಂಡ ಎಡಗಡೆಯೇ ಬಲಿಯುತ್ತಿದೆ ಎಂದು ಡಾಕ್ಟರು ನೋಡಿ ಹೇಳಿದರು. ಚೂರು ತೆಗೆಯುವ ಕೆಲಸವನ್ನೂ ಎಬ್ಬಿಸುವ ಕೆಲಸವನ್ನೂ ಒಂದೇ ದಿನ ಇಟ್ಟುಕೊಳ್ಳಬಹುದು. ಹೊರಡುವಾಗ ನೀಲವ್ವ ಹೊಸಿಲ ತನಕ ಬಂದಳು. ಸೊಸೆಯ ಹಣೆಗೆ ಕುಂಕುಮವಿಟ್ಟಳು. ಬೆರಳನ್ನು ಹಣೆಯ ಮೇಲೇ ಇಟ್ಟುಕೊಂಡು ನಿಂತಳು, ತೆಗೆಯಲಾಗದವಳ ಹಾಗೆ.

"ಹೋಗಿ ಬಾರವಾ," ಅಂದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬೆಳಗಿನ ಬಿಸಿಲು ಪ್ರಯೋಗಾಲಯದ ಕಿಟಕಿಯಿಂದ ನೆಲದ ಮೇಲೆ ಬಿದ್ದಿತ್ತು. ಮೈ ಮರಗಟ್ಟಿಸಬೇಡಿ, ಎಚ್ಚರ ಇರುವಂತೆಯೇ ಮಾಡಿ ಎಂದು ಶಾಂಭವಿ ಕೇಳಿಕೊಂಡಿದ್ದಳು. ತೆರೆಯನ್ನು ಅವಳ ಮುಖದ ಎದುರಿಗೇ ತೂಗುಹಾಕಿದ್ದರು. ಕೂದಲೆಳೆಯಂಥ ನಳಿಕೆ ಒಳಗೆ ಹೋದಾಗ ಒಂದು ಚಳುಕು ಬಂತು, ತುಟಿ ಕಚ್ಚಿಕೊಂಡಳು.

"ಚೂರು ಸಿಕ್ತು," ಡಾಕ್ಟರು ಮೆಲ್ಲಗೆ ಅಂದರು. ಅದನ್ನು ತಟ್ಟೆಯಲ್ಲಿಟ್ಟುಕೊಂಡು ಸಹಾಯಕಿ ಪಕ್ಕದ ಕೋಣೆಗೆ ಓಡಿದಳು. "ಈಗ ಎಬ್ಬಸೋ ಅಂಶ ಬಿಡ್ತೀನಿ. ಹೂಂ ಅನ್ನು."

ಶಾಂಭವಿ ತೆರೆಯನ್ನು ನೋಡಿದಳು. ಇಷ್ಟು ದಿನದಂತೆಯೇ, ಮಿಸುಕದೆ, ತಲೆ ಹುದುಗಿಸಿಕೊಂಡು ಮಲಗಿದ್ದವು. ಇನ್ನೂ ಒಂದು ಗಳಿಗೆ ಬೇಡವೆನ್ನಬಹುದೇ ಎಂದು ಅವಳ ಮನಸ್ಸು ಹುಡುಕಿತು. ಆದರೆ ಚೂರು ಕಿತ್ತ ಜಾಗದ ಸುತ್ತ ಆಗಲೇ ಒಂದೆರಡು ಬಾಲಗಳು ಕಂಪಿಸುತ್ತಿದ್ದವು.

"ಹೂಂ."

ಏನೂ ಆಗಲಿಲ್ಲ. ಆಮೇಲೆ ಅಂಚಿನಲ್ಲಿದ್ದ ಒಂದು ಬಾಲ ಆಡಿಸಿತು. ಮಲಗಿದವರು ಹೊದಿಕೆಯೊಳಗೆ ಕಾಲು ಆಡಿಸುವ ಹಾಗೆ, ಮೆಲ್ಲಗೆ, ಸೋಮಾರಿಯಾಗಿ. ಅದರ ಪಕ್ಕದ್ದು, ಅದರ ಪಕ್ಕದ್ದು. ಬಳಿಕ ಗೋಡೆ ಇಡಿಯಾಗಿ ಜುಮ್ಮೆಂದಿತು. ಬಾಲಗಳು ಚಾಟಿಯಂತೆ ಬೀಸತೊಡಗಿದವು, ತಲೆಗಳು ಒಂದೊಂದಾಗಿ ಕೂದಲುಗಳಿಂದ ಬಿಡಿಸಿಕೊಂಡವು. ಸತ್ತಂತೆ ಬಿದ್ದಿದ್ದವಕ್ಕೆ ಇಷ್ಟು ಜೀವವೆಲ್ಲಿತ್ತು! ಶಾಂಭವಿಗೆ ನಗು ಬಂತು, ನಗುವಿನೊಳಗೇ ಕಣ್ಣು ತುಂಬಿತು. ತೆರೆಯ ಬಲ ಅಂಚಿನತ್ತ, ಅಂಡ ಇಳಿದು ಬರುವ ಕಡೆ, ಅವು ಹೊರಟವು. ಯಾವುದೂ ಹಿಂದಿರುಗಲಿಲ್ಲ. ಗೋಡೆಗೆ ಅಂಟಿಕೊಂಡೇ ಉಳಿದ ಒಂದನ್ನು ಅವಳು ನೋಡಿದಳು. ಅದು ಒಮ್ಮೆ ತಿರುಗಿ, ಇನ್ನೊಮ್ಮೆ ತಿರುಗಿ, ಕೊನೆಗೆ ಬಿಟ್ಟುಕೊಟ್ಟು ಉಳಿದವುಗಳ ಹಿಂದೆ ಹೋಯಿತು.

ತೆರೆಯ ಮೇಲೆ ಖಾಲಿ ಗೋಡೆ, ಓಲಾಡುವ ಕೂದಲು.

"ಹೋದ್ರು," ಅಂದಳು ಶಾಂಭವಿ.

ಡಾಕ್ಟರು ಅದನ್ನು ತಿದ್ದಲಿಲ್ಲ. ಅವಳ ತಲೆಗೂದಲನ್ನು ಹಣೆಯಿಂದ ಹಿಂದೆ ಸರಿಸಿ, ತೆರೆಯನ್ನು ಆರಿಸಿದರು.

ಆ ತಿಂಗಳು ಅವಳು ಮುಟ್ಟಾಗಲಿಲ್ಲ. ಸುದ್ದಿ ಕೇಳಿದ ನೀಲವ್ವ ಮೊದಲು ದೇವರ ಮುಂದೆ ದೀಪ ಹಚ್ಚಿದಳು. ಆಮೇಲೆ ಹಿತ್ತಲಿಗೆ ಹೋಗಿ, ವರ್ಷದಿಂದ ಅಳದವಳು, ಬಚ್ಚಲ ಕಲ್ಲಿನ ಮೇಲೆ ಕುಳಿತು ಮಗನ ಹೆಸರು ಹಿಡಿದು ಅತ್ತಳು. ಶಾಂಭವಿ ಪಕ್ಕದಲ್ಲಿ ಕುಳಿತಳು. ಇಬ್ಬರೂ ಅವನನ್ನು ಸತ್ತವನೆಂದು ಒಪ್ಪಿಕೊಂಡದ್ದು ಆ ದಿನ.

ತೆಗೆದ ಚೂರು ಧಾರವಾಡದ ಗಾಜಿನ ತಟ್ಟೆಗಳಲ್ಲಿ ಬೆಳೆಯಿತು. ಅದು ಒಸರಿದ ಅಂಶವನ್ನು ಶಮಶಾದಳ ತೋಳಿಗೆ ಕೊಟ್ಟರು. ಅವಳಲ್ಲಿ ಉಳಿದಿದ್ದ ಕೆಲವೇ ಕೆಲವು ನಿಂತವು, ಕಡಿಮೆಯಾಗಲಿಲ್ಲ. ಬೇರೆ ಊರುಗಳ ಹೆಂಗಸರೂ ಆ ಸೂಜಿಗಾಗಿ ಬರತೊಡಗಿದರು. ಶಾಂಭವಿಯ ನಾಳ ಮಾತ್ರ ಆ ವಿದ್ಯೆಯನ್ನು ಮರೆತುಬಿಟ್ಟಿತ್ತು. ಹೆರಿಗೆಯ ಮೇಲೆ ಪರೀಕ್ಷಿಸಿದಾಗ ಅದು ಎಲ್ಲರದರಂಥ ನಾಳವಾಗಿತ್ತು. ಕಾಯಲು ಯಾರೂ ಇಲ್ಲದಮೇಲೆ ಅದಾದರೂ ಯಾಕೆ ನೆನಪಿಟ್ಟುಕೊಂಡೀತು ಎಂದುಕೊಂಡಳು ಅವಳು.

ಹೆಣ್ಣು ಕೂಸು. ಹುಟ್ಟಿದ ದಿನ ಶಾಂಭವಿ ಆ ಮುಖದಲ್ಲಿ ಫಕೀರೇಶನನ್ನು ಹುಡುಕಿದಳು. ಹುಬ್ಬಿನಲ್ಲಿ ಇದ್ದಾನೆ ಎನಿಸಿತು, ಮರುದಿನ ಇಲ್ಲವೆನಿಸಿತು. ದಿನ ಹೋದಂತೆ ಸ್ಪಷ್ಟವಾದದ್ದು ನೀಲವ್ವನ ಗದ್ದ, ನೀಲವ್ವನ ಸಿಟ್ಟು. ಕೂಸು ಮೊದಲ ಬಾರಿ ಗಂಟಲು ಬಿಟ್ಟು ಅತ್ತಾಗ ಅವಳು ಕಿವಿಗೊಟ್ಟು ಕೇಳಿದಳು. ಅದು ಯಾರ ದನಿಯೂ ಅಲ್ಲ, ಕೂಸಿನದೇ ದನಿ. ಅದನ್ನು ಅವಳು ಪ್ರಾಣಕ್ಕಿಂತ ಹೆಚ್ಚು ಪ್ರೀತಿಸಿದಳು. ಆದರೂ ಹಾಲೂಡಿಸಿ ಮಲಗಿಸಿದಮೇಲೆ, ಕೈ ತಾನಾಗಿ ಹೊಟ್ಟೆಯ ಎಡಗಡೆಗೆ ಹೋದಾಗ, ಅಲ್ಲೊಂದು ಖಾಲಿತನ ತಿಳಿಯುತ್ತಿತ್ತು. ಅವನಿದ್ದಾಗ ಏನೂ ತಿಳಿಯದಿದ್ದ ಜಾಗ ಅದು.

ಕೂಸು ಬೋರಲು ಬೀಳಲು ಕಲಿತ ಹೊತ್ತಿಗೆ ಶಮಶಾದ್ ನೋಡಲು ಬಂದಳು. ಧಾರವಾಡದಲ್ಲಿ ಸೂಜಿ ಹಾಕಿಸಿಕೊಂಡು, ಊರಿಗೆ ಹೋಗುವ ಹಾದಿಯಲ್ಲಿ ಇಳಿದಿದ್ದಳು. ಕೂಸಿಗೆ ಹಸಿರು ಬಳೆ, ತಲೆಗೆ ಹಾಕುವ ಕುಂಚಿಗೆ ತಂದಿದ್ದಳು. ನೀಲವ್ವ ಅವಳಿಗೆ ಗೋಧಿ ಹುಗ್ಗಿ ಬಡಿಸಿ, ಉಂಡಮೇಲೆ ಕೂಸನ್ನು ಮಡಿಲಿಗೆ ಹಾಕಿದಳು. ಕೂಸು ಶಮಶಾದಳ ಬೆರಳನ್ನು ಹಿಡಿದು ಬಾಯಿಗೆ ಎಳೆದುಕೊಂಡಿತು.

"ನಿನ್ನ ನಾಳ ನನ್ನವನ್ನ ಕಾಯಾಕತ್ತೈತಿ ಅಕ್ಕಾ," ಅಂದಳು ಶಮಶಾದ್. ಒಂದು ಕೈಯಿಂದ ಫೋನು ತೆಗೆದು ಚಾಚಿದಳು. "ನೋಡು, ಇವತ್ತಿಂದು."

ಗುಲಾಬಿ ಗೋಡೆ. ವಿರಳವಾಗಿ, ಅಲ್ಲೊಂದು ಇಲ್ಲೊಂದು, ತಲೆ ಹುದುಗಿಸಿ ಮಲಗಿದ್ದವು. ಯಾವುದೂ ಅಲುಗುತ್ತಿರಲಿಲ್ಲ.

"ಆರಾಮ ಮಲಗ್ಯಾರ," ಶಮಶಾದ್ ಹೇಳಿದಳು. ಕೂಸಿನ ನೆತ್ತಿಯನ್ನು ಮೂಸಿದಳು, ಕಣ್ಣು ಮುಚ್ಚಿ, ಬಹಳ ಹೊತ್ತು. "ಖರೇ ಹೇಳ್ಲೇನಕ್ಕಾ? ನಿನ್ನ ನೋಡಿದ್ರ ನನಗ ಹೊಟ್ಟಿಕಿಚ್ಚು ಆಗ್ತೈತಿ."

ಶಾಂಭವಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ತೆರೆ ಮಬ್ಬಾಗುತ್ತ ಬಂದಾಗ ಹೆಬ್ಬೆರಳು ತಾಗಿಸಿ ಮತ್ತೆ ಬೆಳಗಿಸಿಕೊಂಡಳು.

"ನನಗೂ," ಅಂದಳು.